ಜೀವಕೋಶದ ತೂಬುಗಳೂ ಮೊಲದ ರಕ್ತವೂ

ರಕ್ತದ ಒತ್ತಡಕ್ಕೆ ಗುಳಿಗೆ ನುಂಗುವ ಹಿರಿಯರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು, "ಮಾಷ್ಟ್ರೇ, ಇದು ಕ್ಯಾಲ್ಸಿಯಮನ್ನು ತಡೆಯುವ ಮದ್ದಂತೆ. ಇನ್ನು ಹಾಲು, ಮಜ್ಜಿಗೆ ಬಿಡಬೇಕೋ?" ಎಂದು ಕೇಳಿದರು. ಗುಳಿಗೆಯ ಹೆಸರು ಅಮ್ಲೋಡಿಪಿನ್. ಅದಕ್ಕಾಗಿ ಬಿಡಬೇಕಾಗಿಲ್ಲವೆಂದೆವು. ಏಕೆಂದು ವಿವರಿಸಹೊರಟಾಗ ಮಾತು ಬಹುದೂರ ಸಾಗಿತು. ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ.

ದೇಹದಲ್ಲಿರುವ ಕ್ಯಾಲ್ಸಿಯಮಿನ ನೂರರಲ್ಲಿ 99 ಪಾಲು ಎಲುಬು, ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲಿನ ಕಾರುಬಾರೇ ಸೋಜಿಗದ್ದು. ಜೀವಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳು ಒಳಗಿನದಕ್ಕಿಂತ ಸುಮಾರು 10,000 ಪಟ್ಟು ದಟ್ಟವಾಗಿವೆ. ತುಂಬಿದ ಕೆರೆಯ ಏರಿಯ ಕೆಳಗೆ ಒಣಗದ್ದೆಯಿದ್ದಂತೆ. ಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ತೂಬುಗಳಿವೆ. ವಿದ್ಯುತ್ತಿನ ಸೂಚನೆ ಬಂದೊಡನೆ ಅವು ಕ್ಷಣಮಾತ್ರ ತೆರೆದು ಅಯಾನುಗಳನ್ನು ಒಳಬಿಡುತ್ತವೆ. ಆಗ ಹೃದಯ ಸಂಕುಚಿಸುತ್ತದೆ. ನರದ ತುದಿ ಸ್ನಾಯುವಿಗೆ ಸಂದೇಶ ಕಳುಹಿಸುತ್ತದೆ. ಅಮ್ಲೋಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವಿನಲ್ಲಿರುವ ತೂಬುಗಳನ್ನು ತಡೆಯುವುದರಿಂದ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಕೆರೆಯ ಮಟ್ಟವನ್ನು ದೇಹ ತಾನೇ ಕಾಯ್ದುಕೊಳ್ಳುತ್ತದೆ. ಗುಳಿಗೆಯ ಕೆಲಸವೆಲ್ಲ ತೂಬಿನ ಬಾಯಲ್ಲಿ.

ಕ್ಯಾಲ್ಸಿಯಮಿನ ಈ ಮಹಿಮೆ ಗೊತ್ತಾದದ್ದು ಒಂದು ತಪ್ಪಿನಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಮಿಡಿಯುವಂತೆ ಮಾಡಿದ್ದನು. ದ್ರಾವಣವನ್ನು ಬಟ್ಟಿಯಿಳಿಸಿದ ನೀರಿನಿಂದ ಮಾಡಲಾಗಿದೆಯೆಂದು ಅವನು ನಂಬಿದ್ದನು. ಅದು ನಲ್ಲಿಯ ನೀರಾಗಿತ್ತು! ಶುದ್ಧ ನೀರು ಬಳಸಿದಾಗ ಮಿಡಿತ ಕುಗ್ಗಿ ನಿಂತಿತು. 1883ರಲ್ಲಿ ಅವನು ತನ್ನ ತಪ್ಪನ್ನು ತಾನೇ ಪ್ರಕಟಿಸಿ, ನಲ್ಲಿನೀರಿನ ಕ್ಯಾಲ್ಸಿಯಮಿನ ಪಾತ್ರವನ್ನು ತೋರಿಸಿಕೊಟ್ಟನು. ಈ ಪ್ರಸಂಗವನ್ನು ಮಕ್ಕಳಿಗೆ ಹೇಳದೆ ನಾವು ಮುಂದಿನ ಪಾಠಕ್ಕೆ ಹೋಗುವುದಿಲ್ಲ.

ತೂಬುಗಳೆಲ್ಲ ಒಂದೇ ಬಗೆಯವಲ್ಲ. ವಿದ್ಯುತ್ತಿಗೆ ತೆರೆದುಕೊಳ್ಳುವ ಕ್ಯಾಲ್ಸಿಯಂ ತೂಬಿನ ಮುಖ್ಯ ಪ್ರೋಟೀನಿಗೆ ಮನುಷ್ಯರಲ್ಲಿ 10 ಜೀನುಗಳಿವೆ. ಯಾವುದು ಎಲ್ಲಿದೆಯೆಂದು ಸಾಮಾನ್ಯ ಸೂಕ್ಷ್ಮದರ್ಶಕ ಹೇಳಲಾರದು. ಅದಕ್ಕೆ ಗುರುತುಗಾರನೊಬ್ಬ ಬೇಕು. ಅವನೇ ಪ್ರತಿಕಾಯ. ರೋಗಾಣುವನ್ನು ಗುರುತಿಸಿ ಹಿಡಿಯಲು ನಮ್ಮ ರಕ್ತ ತಯಾರಿಸುವ ಪ್ರೋಟೀನೇ ಇದು. ತೂಬಿನ ಪ್ರೋಟೀನಿನ ಒಂದು ಸಣ್ಣ ತುಣುಕನ್ನು, ಬಹುಮಟ್ಟಿಗೆ ಹದಿನೈದಿಪ್ಪತ್ತು ಅಮೈನೋ ಆಮ್ಲಗಳಷ್ಟನ್ನು, ಪ್ರಯೋಗಾಲಯದಲ್ಲಿ ಕಟ್ಟುತ್ತಾರೆ. ಅಷ್ಟು ಚಿಕ್ಕದನ್ನು ಮೊಲದ ದೇಹ ಲೆಕ್ಕಕ್ಕೆ ತೆಗೆದುಕೊಳ್ಳದು. ಆದುದರಿಂದ ಒಂದು ಜಾತಿಯ ಕಡಲಬಸವನ ರಕ್ತದ ದೊಡ್ಡ ಪ್ರೋಟೀನಿಗೆ ಅದನ್ನು ಬೆಸೆದು ಚುಚ್ಚುತ್ತಾರೆ. ಕೆಲವು ವಾರಗಳಲ್ಲಿ ಮೊಲದ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಅದನ್ನು ಶೋಧಿಸಿ, ತೆಳುವಾಗಿ ಸೀಳಿದ ಮಿದುಳಿನ ಅಥವಾ ಹೃದಯದ ಪದರದ ಮೇಲೆ ಹಾಕಿದರೆ ತನ್ನ ತೂಬಿಗೆ ಅಂಟಿಕೊಳ್ಳುತ್ತದೆ. ಮೊಲದ ಪ್ರತಿಕಾಯವನ್ನು ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಅನೇಕವೇಳೆ ಆಡಿನಿಂದ ಪಡೆದು, ಹೊಳೆಯುವ ಬಣ್ಣ ಕಟ್ಟಿ ಮೇಲೆ ಬಿಡುತ್ತಾರೆ. ಕತ್ತಲಲ್ಲಿ ತೂಬುಗಳಿರುವ ತಾಣ ಬೆಳಗುತ್ತದೆ.

ಆದರೆ ಬೆಳಗಿದ್ದೆಲ್ಲ ನಿಜವಲ್ಲ. ಅಣ್ಣತಮ್ಮಂದಿರಂತಿರುವ ಈ ಪ್ರೋಟೀನುಗಳಲ್ಲಿ ಪ್ರತಿಕಾಯ ಒಬ್ಬನನ್ನು ಇನ್ನೊಬ್ಬನೆಂದು ಹಿಡಿಯುವುದುಂಟು. ಅದೇ ತುಣುಕನ್ನು ಮೊದಲು ಬೆರೆಸಿದರೆ ಹೊಳಪು ಅಳಿಯಬೇಕು, ಇದೊಂದು ಪರೀಕ್ಷೆ. ಇಷ್ಟೇ ಸಾಲದು, ಏಕೆಂದರೆ ತಪ್ಪು ಜಾಗದ ಹೊಳಪೂ ಹಾಗೆಯೇ ಅಳಿಯಬಹುದು. ಆ ಜೀನನ್ನೇ ತೆಗೆದುಹಾಕಿದ ಇಲಿಯ ಪದರದಲ್ಲಿ ನೋಡುವುದು ಹೆಚ್ಚು ಕಠಿಣವಾದ ಪರೀಕ್ಷೆ. ತೂಬೇ ಇಲ್ಲದಲ್ಲಿಯೂ ಬೆಳಕು ಕಂಡರೆ ಸಾಕ್ಷಿ ಸುಳ್ಳು; ಅದನ್ನು ನಂಬಿ ಬರೆದ ಲೇಖನವೂ ಸುಳ್ಳು.

ಮೊಲದಲ್ಲಿ ಬೇಕೆಂದು ಹುಟ್ಟಿಸುವ ಇಂಥ ಪ್ರತಿಕಾಯ ಮನುಷ್ಯನಲ್ಲಿ ಬೇಡದೆಯೂ ಹುಟ್ಟುತ್ತದೆ. ಲ್ಯಾಂಬರ್ಟ್-ಈಟನ್ ಎಂಬ ಅಪರೂಪದ ರೋಗದಲ್ಲಿ ನರತುದಿಯ ಕ್ಯಾಲ್ಸಿಯಂ ತೂಬುಗಳ ಮೇಲೆ ದೇಹವೇ ದಾಳಿಮಾಡುತ್ತದೆ. ತೊಡೆಗಳು ಸೋಲುತ್ತವೆ, ಕುಳಿತವರಿಗೆ ಏಳಲಾಗದು, ಬಾಯಿ ಒಣಗುತ್ತದೆ. ವಿಚಿತ್ರವೆಂದರೆ ಸ್ನಾಯುವನ್ನು ಬಿಗಿಹಿಡಿದರೆ ಕೊಂಚ ಹೊತ್ತು ಬಲ ಮರಳುತ್ತದೆ. ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಇರುತ್ತದೆ. ಅದು ಹೆಚ್ಚಾಗಿ ಬೀಡಿ, ಸಿಗರೇಟು ಸೇದಿದವರದು. ಗಡ್ಡೆಯ ಕೋಶಗಳ ಮೇಲೂ ಅದೇ ತೂಬುಗಳಿರುತ್ತವೆ. ಗಡ್ಡೆಯ ವಿರುದ್ಧ ಎದ್ದ ಪ್ರತಿಕಾಯ ನರವನ್ನೂ ಹೊಡೆಯುತ್ತದೆ. ಗಡ್ಡೆ ಇನ್ನೂ ಕಾಣದಿರುವಾಗಲೇ ಕಾಲು ಸೋಲುವುದುಂಟು. ಆದುದರಿಂದ ರಕ್ತದಲ್ಲಿ ಈ ಪ್ರತಿಕಾಯ ಕಂಡವರ ಎದೆಯ ಚಿತ್ರದಲ್ಲಿ ಮೊದಲಬಾರಿ ಏನೂ ಸಿಗದಿದ್ದರೂ ವೈದ್ಯರು ಸುಮ್ಮನಾಗದೆ, ಕೆಲವು ತಿಂಗಳಿಗೊಮ್ಮೆ ಪುನಃ ಕರೆಸಿ ಚಿತ್ರ ತೆಗೆಸುತ್ತಾರೆ.