ಸಂಶೋಧನೆಗೆ ಬೆಂಗಳೂರಿಗೇ ಹೋಗಬೇಕೆ?

ಪ್ರಶ್ನೆ: ಗುಂಡ್ಲುಪೇಟೆಯವನು, ಕಾನೂನು ಓದುತ್ತಿದ್ದೇನೆ. ಸಂವಿಧಾನ, ಮಾನವ ಹಕ್ಕುಗಳ ಸಂಶೋಧನೆಗೆ ನಮ್ಮ ಜಿಲ್ಲೆಯಲ್ಲಿ ವಿಷಯ ಸಿಗುತ್ತದೆಯೇ?

ಉತ್ತರ: ನಿಮ್ಮೂರ ರಸ್ತೆಯಲ್ಲೇ ಇದೆ. ಬಂಡೀಪುರ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಸಂಚಾರ ಸ್ವಾತಂತ್ರ್ಯದ 19ನೇ ವಿಧಿ ಒಂದು ಕಡೆ, ವನ್ಯಜೀವಿ ರಕ್ಷಣೆಯ 48ಎ ಇನ್ನೊಂದು ಕಡೆ.

ನನ್ನನ್ನು ಕೇಳಿದರೆ ಬಿಳಿಗಿರಿರಂಗನಬೆಟ್ಟವೇ ಮೇಲು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದ ಒಳಗೇ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ ಸಂಗ್ರಹದ ಹಕ್ಕು ಕಾಗದದಲ್ಲೇನೋ ಇದೆ. ಪೋಡಿನಲ್ಲಿ, ಅಂದರೆ ಸೋಲಿಗರ ಊರಿನಲ್ಲಿ, ಎಷ್ಟು ನಡೆಯುತ್ತಿದೆ? ಅದೇ ನಿಮ್ಮ ಪ್ರಬಂಧ. ಗ್ರಾಮಸಭೆಯ ನಡಾವಳಿ ಓದಿ, ಮಾಹಿತಿ ಹಕ್ಕಿನಡಿ ಉಪವಿಭಾಗ ಮಟ್ಟದ ಸಮಿತಿಯ ಕಡತ ಕೇಳಿ. ಅದಕ್ಕೂ ಮೊದಲು ಪೋಡಿನ ಯಜಮಾನರ ಒಪ್ಪಿಗೆ ಪಡೆಯಿರಿ.