ಪೊವಾಯಿಯ ಯಂತ್ರಗಳು ನಮ್ಮ ಸಣ್ಣ ಉದ್ಯಮಿಗಳಿಗೂ ತೆರೆದಿವೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಬ್ಯಾಂಕಿನ ಶಾಖೆಗೆ ಪರಿಚಯದ ಹಿರಿಯರೊಬ್ಬರು ಬಂದಿದ್ದರು. ಊರು ಕುಂದಾಪುರದ ಕಡೆ. ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಈಗ ಡೊಂಬಿವಲಿಯ ಎಂಐಡಿಸಿಯಲ್ಲಿ ಹಿತ್ತಾಳೆಯ ನಲ್ಲಿಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದಾರೆ. ಹನ್ನೆರಡು ಮಂದಿ ಕೆಲಸಗಾರರು.

"ಮಾರಾಯ್ರೆ, ಟೆಸ್ಟಿಂಗ್ ಮಿಷಿನಿಗೆ ಒಂದು ಸಾಲ ಆಗಬೇಕಿತ್ತಲ್ಲ" ಎಂದರು. ಮಳೆಗಾಲ ಬಂತೆಂದರೆ ಅವರ ನಲ್ಲಿಗಳ ಕುತ್ತಿಗೆಯಲ್ಲಿ ಬಿರುಕು ಬೀಳುತ್ತಿತ್ತು. ಮಾಲು ವಾಪಸು ಬರುತ್ತಿತ್ತು. ಎರಡು ವರ್ಷದಿಂದ ಇದೇ ಕತೆ. ಈ ಸಲವೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ದೊಡ್ಡ ಗಿರಾಕಿಯೊಬ್ಬರು ಹೇಳಿಬಿಟ್ಟಿದ್ದರು. ಹೊರಗಿನ ಲ್ಯಾಬಿಗೆ ಕೊಟ್ಟು ನೋಡಿದರೆ ತಾಮ್ರ, ಸತು, ಸೀಸ ಎಲ್ಲವೂ ಇರಬೇಕಾದಷ್ಟೇ ಇವೆ ಎಂಬ ವರದಿ. ಹಾಗಾಗಿ ಸ್ವಂತ ಯಂತ್ರವೇ ಬೇಕು ಎಂಬ ಹಟ.

ನಾನು ಸಂಜೆ ಕಾಲೇಜಿನ ಬಿಕಾಂ. ವಿಜ್ಞಾನ ನನ್ನ ವಿಷಯವಲ್ಲ, ಆದರೆ ಸವಕಳಿಯ ಲೆಕ್ಕ ಗೊತ್ತು. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಯಂತ್ರಕ್ಕೆ ಹನ್ನೆರಡು ಕಂತು ಕಟ್ಟುವುದು ಯಾವ ವ್ಯಾಪಾರ? ಅರ್ಜಿ ಫಾರಂ ಕೊಟ್ಟೆ, ಮನಸ್ಸು ಮಾತ್ರ ಒಪ್ಪಲಿಲ್ಲ. ಸಂಜೆ ಮನೆಯಲ್ಲಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿರುವ ಅಕ್ಕನ ಮಗಳ ಹತ್ತಿರ ವಿಷಯ ತೆಗೆದೆ. ಅವಳು ನಕ್ಕುಬಿಟ್ಟಳು. "ಮಾವ, ಯಂತ್ರ ಯಾಕೆ ಕೊಳ್ಳಬೇಕು? ಪೊವಾಯಿಗೆ ಸ್ಯಾಂಪಲ್ ಕಳಿಸಲಿ. ನಾವೆಲ್ಲ ಕಳಿಸುವುದು ಅಲ್ಲಿಗೇ."

ಮೂವತ್ತು ವರ್ಷದಿಂದ ಪೊವಾಯಿ ಕೆರೆಯ ಬದಿಯಲ್ಲಿ ಬಸ್ಸಿನಲ್ಲಿ ಓಡಾಡಿದವನು ನಾನು. ಐಐಟಿಯ ಗೇಟು ಜಾಣ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದೆ. ಆದರೆ 1976ರಲ್ಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅಲ್ಲಿ ಒಂದು ಪ್ರಾದೇಶಿಕ ಉಪಕರಣ ಕೇಂದ್ರ ತೆರೆದಿತ್ತು. ಹಳಬರು ಅದನ್ನು ಆರ್‌ಎಸ್‌ಐಸಿ ಎನ್ನುತ್ತಿದ್ದರು, ಈಗಿನ ಹೆಸರು ಸೈಫ್. ಮದ್ರಾಸ್ ಐಐಟಿ ಸೇರಿ ದೇಶದ ಬೇರೆ ಕಡೆಗಳಲ್ಲೂ ಇಂಥ ಕೇಂದ್ರಗಳಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಎನ್‌ಎಂಆರ್‌ನಂಥ ಭಾರೀ ಬೆಲೆಯ ಯಂತ್ರಗಳನ್ನು ಪ್ರತಿ ಕಾಲೇಜೂ ಕೊಳ್ಳಲಾಗದು. ಒಂದು ಕಡೆ ಇಟ್ಟು ಎಲ್ಲರೂ ಬಳಸಲಿ ಎಂಬುದೇ ಉದ್ದೇಶ. ವಿದ್ಯಾರ್ಥಿಗಳಿಗೆ ಒಂದು ದರ, ಕಾರ್ಖಾನೆಗಳಿಗೆ ಅದಕ್ಕಿಂತ ಹೆಚ್ಚಿನ ದರ. ಆದರೆ ಬಾಗಿಲು ಇಬ್ಬರಿಗೂ ಇದೆ.

ಊರಿನಲ್ಲಿ ದೇವಸ್ಥಾನದ ಕೊಪ್ಪರಿಗೆಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಐನೂರು ಜನರ ಪಾಯಸ ಹಿಡಿಸುವ ಪಾತ್ರೆಯನ್ನು ಯಾರೂ ಮನೆಗೆ ಕೊಳ್ಳುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ತಂದು, ಮುಗಿದ ಮೇಲೆ ಬೆಳಗಿ, ಕಾಣಿಕೆಯೊಂದಿಗೆ ವಾಪಸು ಕೊಡುವ ಪದ್ಧತಿ.

ಯಂತ್ರದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕೊಪ್ಪರಿಗೆ ಮೂಲೆಯಲ್ಲಿ ಕೂತರೆ ಖರ್ಚಿಲ್ಲ. ಎನ್‌ಎಂಆರ್ ಯಂತ್ರದ ಅತಿವಾಹಕ ಅಯಸ್ಕಾಂತಕ್ಕೆ ಮಾತ್ರ, ಕೆಲಸ ಇರಲಿ ಬಿಡಲಿ, ದ್ರವ ಹೀಲಿಯಂ ಮತ್ತು ದ್ರವ ಸಾರಜನಕ ತುಂಬುತ್ತಲೇ ಇರಬೇಕು. ಹಾಲು ಕೊಡದಿದ್ದರೂ ದನಕ್ಕೆ ಹುಲ್ಲು ಹಾಕಬೇಕಲ್ಲ, ಹಾಗೆ. ಯಂತ್ರ ಖಾಲಿ ಕೂತ ಪ್ರತಿ ದಿನ ಸರಕಾರದ, ಅಂದರೆ ನಮ್ಮ ತೆರಿಗೆಯ, ಹಣ ಆವಿಯಾಗಿ ಹೋಗುತ್ತದೆ.

ಹೀಗೆ ಖಾಲಿ ಕೂತ ಯಂತ್ರಗಳೂ ಇವೆ. ಅಕ್ಕನ ಮಗಳು ತಾನು ಕಂಡ ಒಂದು ಕಾಲೇಜಿನ ಕತೆ ಹೇಳಿದಳು, ಹೆಸರು ಬೇಡ. ಅನುದಾನದಲ್ಲಿ ತರಿಸಿದ ಯಂತ್ರಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದಾರಂತೆ. ನಡೆಸುತ್ತಿದ್ದವರು ನಿವೃತ್ತರಾದರು, ನಿರ್ವಹಣೆಯ ಕರಾರು ಮುಗಿಯಿತು, ನವೀಕರಿಸಲು ಹಣವಿಲ್ಲ. ಹೊರಗಿನವರು ಮುಟ್ಟಿದರೆ ಕೆಟ್ಟೀತು ಎಂಬ ಭಯ ಬೇರೆ. ನನಗೆ ಕಂಡಂತೆ ಭಯಕ್ಕಿಂತ "ಇದು ನನ್ನದು" ಎಂಬ ಭಾವವೇ ದೊಡ್ಡದು. ಕಾರ್ಖಾನೆಯವರಿಗೂ ಅವರದೇ ಅಂಜಿಕೆ ಇದೆ: ಸ್ಯಾಂಪಲ್ ಕೊಟ್ಟರೆ ಗುಟ್ಟು ಬಯಲಾದೀತೇ ಎಂದು.

ಈ ಬೀಗಗಳನ್ನು ತೆಗೆಸುವ ಪ್ರಯತ್ನ ನಡೆದಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜರಗಿದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿಯವರು ಐ-ಸ್ಟೆಮ್ ಎಂಬ ಜಾಲತಾಣವನ್ನು ಉದ್ಘಾಟಿಸಿದರು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಅದರಲ್ಲಿ ಹುಡುಕಿ, ಅಲ್ಲಿಂದಲೇ ಸಮಯ ಕಾದಿರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಇದರ ಕೆಲಸ ಬೆಳೆಯಿತು ಎಂಬುದು ನಮಗೆ ಹೆಮ್ಮೆ. ಮುಂಬಯಿಯ ಜೆಮ್‌ಷೆಟ್‌ಜಿ ಟಾಟಾ ಅವರ ಹಣ, ಮೈಸೂರು ಅರಮನೆ ಕೊಟ್ಟ ಭೂಮಿ ಕೂಡಿ 1909ರಲ್ಲಿ ಹುಟ್ಟಿದ ಸಂಸ್ಥೆಯಲ್ಲವೇ ಅದು. 2022ರಲ್ಲಿ ಇಲಾಖೆಯು ಸರಕಾರಿ ಹಣದ ಉಪಕರಣಗಳನ್ನು ಹಂಚಿಕೊಳ್ಳುವ ಬಗ್ಗೆ ಮಾರ್ಗಸೂಚಿಯನ್ನೂ ತಂದಿತು. ಹೆಸರು "ಶ್ರೀಮಾನ್"!

ಇನ್ನು ನಮ್ಮ ಹಿರಿಯರ ನಲ್ಲಿಗೆ ಬರೋಣ. ಬಿರುಕು ಬಿಟ್ಟ ಜಾಗವನ್ನು ಉಗುರಿನಷ್ಟು ಕತ್ತರಿಸಿ, ಎಣ್ಣೆಯ ಪಸೆ ತೆಗೆದು ಕೊಡಬೇಕಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ತೆಗೆದರು. ಒಟ್ಟು ಶುಲ್ಕ, ಆ ಸಾಲದ ಒಂದು ಕಂತಿಗಿಂತ ಕಡಿಮೆ. ಚಿತ್ರ ನೋಡಿದರೆ ನಮಗಿಬ್ಬರಿಗೂ ಒಣಗಿದ ಕೆರೆಯ ತಳದಂತೆ ಕಂಡಿತೇ ಹೊರತು ಏನೂ ತಿಳಿಯಲಿಲ್ಲ. ಯಂತ್ರ ಹಂಚಿಕೊಂಡರೆ ಸಾಲದು, ಅರ್ಥ ಹೇಳುವವರೂ ಬೇಕು ಎಂದು ಆಗ ಗೊತ್ತಾಯಿತು. ಅದೃಷ್ಟಕ್ಕೆ ನಮ್ಮ ಸಂಘದಲ್ಲೇ ನಿವೃತ್ತ ಲೋಹಶಾಸ್ತ್ರಜ್ಞರೊಬ್ಬರಿದ್ದಾರೆ. ಪ್ರತಿ ಕಾರ್ಯಕ್ರಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಹೋಗುವವರು. ಚಿತ್ರ ಕೈಗೆತ್ತಿಕೊಂಡವರೇ, "ಬಿರುಕು ಲೋಹದ ಹರಳುಗಳ ಅಂಚು ಹಿಡಿದೇ ಓಡಿದೆ. ಕಾರ್ಖಾನೆಯಲ್ಲಿ ಅಮೋನಿಯಾ ಏನಾದರೂ ಬಳಸುತ್ತೀರಾ?" ಎಂದು ಕೇಳಿದರು.

ಬಳಸುತ್ತಿದ್ದರು. ನಲ್ಲಿಗೆ ಹೊಳಪು ಬರಲೆಂದು ತೊಳೆಯುವ ದ್ರಾವಣದಲ್ಲಿ ಅದಿತ್ತು. ಅವರು ಹೇಳಿದ ಹಳೆಯ ಕತೆ ಸ್ವಾರಸ್ಯವಾಗಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವಂತೆ. ಆಗ ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಡುವುದಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಮಳೆಯ ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಲೋಹದಲ್ಲಿ ಏನೇನು ಎಷ್ಟಿದೆ ಎಂದು ಮಾತ್ರ ಹೇಳುವ ಯಂತ್ರ ಸಾಲ ಮಾಡಿ ತಂದಿದ್ದರೂ ಇದು ಸಿಗುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗಿರಾಕಿಗೋ ಸರಕಾರಿ ಕಚೇರಿಗೋ ಕೊಡುವ ಗುಣಮಟ್ಟದ ಪ್ರಮಾಣಪತ್ರಕ್ಕೆ ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಹೋಗಬೇಕು. ಇಂಥ ಕೇಂದ್ರಗಳಿರುವುದು ಕಾರಣ ಹುಡುಕುವುದಕ್ಕೆ, ಮುದ್ರೆ ಒತ್ತಿಸುವುದಕ್ಕಲ್ಲ. ಸರದಿಯೂ ಇರುತ್ತದೆ, ನಾಳೆಗೇ ಬೇಕು ಎಂದರೆ ಆಗದು.

ನಮ್ಮ ಸಂಘಗಳು ವರ್ಷ ವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತವೆ, ಉದ್ಯಮಿಗಳನ್ನು ಶಾಲು ಹೊದಿಸಿ ಸನ್ಮಾನಿಸುತ್ತವೆ. ಎಂಎಸ್ಸಿ ಓದುವ ಮಕ್ಕಳು ಮತ್ತು ಆ ಉದ್ಯಮಿಗಳು ಒಂದೇ ವೇದಿಕೆ ಹತ್ತಿ ಇಳಿದರೂ ಮಾತನಾಡುವುದಿಲ್ಲ. ಊಟಕ್ಕೆ ಮೊದಲು ಅರ್ಧ ಗಂಟೆ ಅವರನ್ನು ಎದುರುಬದುರು ಕೂರಿಸಿದರೆ ಹೇಗೆ ಎಂದು ಕಾರ್ಯಕಾರಿ ಸಮಿತಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಹಿರಿಯರು ತೊಳೆಯುವ ದ್ರಾವಣ ಬದಲಿಸಿದ್ದಾರೆ. ನಲ್ಲಿಗಳನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿತ ಸಡಿಲಿಸಲು ಒಂದು ಒಲೆ ಹಾಕಿಸಿದ್ದಾರೆ. ಆ ಒಲೆಗೆ ಸಾಲ ಕೇಳಲು ಮತ್ತೆ ನನ್ನ ಕೌಂಟರಿಗೇ ಬಂದಿದ್ದರು. ಈ ಸಲ ಫಾರಂ ತುಂಬಲು ನಾನೇ ಕೂತೆ.