ಮಾಳಿಗೆಯ ಮಳೆನೀರಿಗೆ ಎಷ್ಟು ಅಗಲದ ಪೈಪು ಬೇಕು?

ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂತಹ ಊರುಗಳಲ್ಲಿ ಹಂಚಿನ ಮಾಡಿನ ನೀರು ಸೂರಿನುದ್ದಕ್ಕೂ ತಾನಾಗಿಯೇ ಇಳಿದುಹೋಗುತ್ತಿತ್ತು. ಕಾಂಕ್ರೀಟ್ ಮಾಳಿಗೆಗಳು ಬಂದ ಮೇಲೆ ಅದೇ ನೀರು ಕೆಲವೇ ಪೈಪುಗಳ ಮೂಲಕ ಇಳಿಯಬೇಕಾಗಿದೆ. ಪೈಪು ಕಿರಿದಾದರೆ ಮಾಳಿಗೆಯ ಮೇಲೆ ನೀರು ನಿಂತು, ಸ್ಲ್ಯಾಬಿನಲ್ಲಿ ತೇವ ಇಳಿದು, ಗೋದಾಮಿನಲ್ಲಿಟ್ಟ ಅಡಿಕೆ, ಕಾಳುಮೆಣಸುಗಳಿಗೆ ಬೂಷ್ಟು ಹಿಡಿಯುತ್ತದೆ.

ಪೈಪಿನ ಗಾತ್ರವನ್ನು ನಿರ್ಧರಿಸಲು ರಾಷ್ಟ್ರೀಯ ಕಟ್ಟಡ ಸಂಹಿತೆ ಮಾರ್ಗದರ್ಶನ ನೀಡುತ್ತದೆ. 1970ರಲ್ಲಿ ಮೊದಲು ಪ್ರಕಟವಾದ ಈ ಸಂಹಿತೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗೊಂಡಿದೆ. ನೀರು ಸರಬರಾಜು ಹಾಗೂ ಒಳಚರಂಡಿಯ ವಿಚಾರ ಇದರ ಒಂಬತ್ತನೆಯ ಭಾಗದಲ್ಲಿದೆ. ರಾಜ್ಯ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡಾಗ ಮಾತ್ರ ಸಂಹಿತೆ ಕಡ್ಡಾಯವಾಗುತ್ತದೆ. ಹಳೆಯ ಆವೃತ್ತಿಯನ್ನು ಆಧರಿಸಿದ ನಕ್ಷೆ, ಅಂದಾಜುಗಳನ್ನು ಇಂಜಿನಿಯರರಿಂದ ಮರುಪರಿಶೀಲಿಸಿಕೊಳ್ಳುವುದು ಲೇಸು.

ಇಲ್ಲಿ ಮುಖ್ಯವಾದುದು ವರ್ಷದ ಒಟ್ಟು ಮಳೆಯಲ್ಲ, ಮಳೆಯ ರಭಸ. ಕಾಲು ಗಂಟೆಯಲ್ಲಿ 25 ಮಿ.ಮೀ. ಸುರಿದರೆ ಅದು ಗಂಟೆಗೆ 100 ಮಿ.ಮೀ. ರಭಸ, 50 ಮಿ.ಮೀ. ಸುರಿದರೆ 200 ಮಿ.ಮೀ. ಸಂಹಿತೆಯ ಕೋಷ್ಟಕದಂತೆ 100 ಮಿ.ಮೀ. ವ್ಯಾಸದ ಒಂದು ಪೈಪು ಮೊದಲ ರಭಸಕ್ಕೆ 42.7 ಚದರ ಮೀಟರ್ ಮಾಳಿಗೆಗೆ ಸಾಕಾಗುತ್ತದೆ; ಎರಡನೆಯದಕ್ಕೆ 21.3 ಚದರ ಮೀಟರಿಗೆ ಮಾತ್ರ.

120 ಚದರ ಮೀಟರ್ ಮಾಳಿಗೆಯ ಗೋದಾಮನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಟೆಗೆ 100 ಮಿ.ಮೀ. ಎಂದೆಣಿಸಿದರೆ ಇಂತಹ ಪೈಪುಗಳು ಮೂರು ಸಾಕು, 200 ಮಿ.ಮೀ. ಎಂದೆಣಿಸಿದರೆ ಆರು ಬೇಕು. 75 ಮಿ.ಮೀ. ಪೈಪುಗಳಾದರೆ ಹನ್ನೆರಡು, 150 ಮಿ.ಮೀ.ನವು ಎರಡೇ ಸಾಕು. ಆದರೆ ಎರಡರಲ್ಲಿ ಒಂದು ತರಗೆಲೆಯಿಂದ ಕಟ್ಟಿಕೊಂಡರೆ ಅರ್ಧ ದಾರಿಯೇ ಮುಚ್ಚಿದಂತಾಗುತ್ತದೆ. ಆದುದರಿಂದ ಘಟ್ಟದಂಚಿನ ಊರುಗಳಲ್ಲಿ ಹೆಚ್ಚಿನ ರಭಸವನ್ನೇ ಲೆಕ್ಕಕ್ಕೆ ಹಿಡಿದು, ಒಂದೆರಡು ಪೈಪುಗಳನ್ನು ಹೆಚ್ಚಿಗೆ ಇರಿಸುವುದು ಕ್ಷೇಮ. ಕಟ್ಟುವಾಗ ತಗಲುವ ಈ ಹೆಚ್ಚುವರಿ ವೆಚ್ಚ, ಹಾಳಾಗುವ ದಾಸ್ತಾನಿನ ಮುಂದೆ ಅಲ್ಪವೇ ಸರಿ.

ಪೈಪಿನ ಬಾಯಿಗೆ ಜಾಲರಿ ಹಾಕಿಸಿ, ಮಳೆಗಾಲಕ್ಕೆ ಮುನ್ನ ಶುಚಿಗೊಳಿಸಬೇಕು. ಮಳೆನೀರನ್ನು ಶೌಚಾಲಯದ ಪೈಪಿಗೆ ಸೇರಿಸಬಾರದು. ಪೈಪಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆಂಬುದೂ ಅಷ್ಟೇ ಮುಖ್ಯ. ವಜ್ರಳ್ಳಿ ಸಮೀಪದ ಕಳಚೆಯಲ್ಲಿ 2021ರ ಜುಲೈ ತಿಂಗಳ ಭಾರೀ ಮಳೆಯಲ್ಲಿ ಸಂಭವಿಸಿದ ಭೂಕುಸಿತವನ್ನು ಕಂಡವರಿಗೆ ನೀರು ಕುಡಿದ ಗುಡ್ಡದ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಮಾಳಿಗೆಯ ನೀರನ್ನು ಇಳಿಜಾರಿನ ಮಣ್ಣಿಗೆ ಬಿಡದೆ, ಗಟ್ಟಿ ಕಾಲುವೆಯ ಮೂಲಕ ಹಳ್ಳಕ್ಕೋ ಸಂಗ್ರಹ ತೊಟ್ಟಿಗೋ ಸಾಗಿಸುವುದು ಕಟ್ಟಡದ ಮಾಲೀಕರ ಹೊಣೆ.